ಹನ್ನೊಂದು ಮೂವತ್ತೊಂದರ ‘ಹೌದು’

ಏಳನೆಯ ಕಂತು

“ಬಾಗಿಲು ಹಾಕ್ಕೊಂಡು ಬನ್ನಿ,” ಎಂದ ಕಾಗದದ ಮಿಲ್ಲಿನ ಯೋಜನಾಧಿಕಾರಿ. ನಾನು ಹಾಕಲಿಲ್ಲ.

ಬಾಗಿಲು ತೆರೆದಿದ್ದರೆ ಮನುಷ್ಯ ಸಣ್ಣ ದನಿಯಲ್ಲಿ ಮಾತನಾಡುತ್ತಾನೆ. ಸಣ್ಣ ದನಿಯಲ್ಲಿ ಸುಳ್ಳು ಹೇಳುವುದು ಕಷ್ಟ. ಠಾಣೆಯಲ್ಲಿ ಇಪ್ಪತ್ತೆರಡು ವರ್ಷ ಬೇರೆಯವರ ಹೇಳಿಕೆ ಬರೆದುಕೊಂಡು ನಾನು ಕಲಿತದ್ದು ಹೆಚ್ಚುಕಡಿಮೆ ಇಷ್ಟೇ. ನಿವೃತ್ತನಾದ ಮೇಲೆ ‘ಖಾಸಗಿ ಪತ್ತೇದಾರ’ ಎಂದು ಬೋರ್ಡು ಬರೆಸಿ ಹಾಕಿಕೊಂಡರೂ ಊರಿಗೆಲ್ಲ ನಾನು ಇನ್ನೂ ರೈಟರ್.

ಗೋಡೆಯ ಗಡಿಯಾರದಲ್ಲಿ ಎರಡೂವರೆ. ನಾಲ್ಕು ಗಂಟೆಗೆ ಠಾಣೆಯಲ್ಲಿ ಅಕ್ಕ ಹೇಳಿಕೆಗೆ ಸಹಿ ಹಾಕುವವಳಿದ್ದಳು. ತನ್ನ ಅಜಾಗರೂಕತೆಯಿಂದಲೇ ತನ್ನ ತಮ್ಮ ಸತ್ತ ಎಂಬ ಹೇಳಿಕೆ. ಯಾರೂ ಹೊಡೆದು ಬಡಿದು ಬರೆಸಿದ್ದಲ್ಲ, ಅವಳೇ ನಂಬಿಕೊಂಡು ಹೇಳಿದ್ದು.

ಈ ಕಾಗದದ ಮಿಲ್ಲಿನಲ್ಲಿ ಅವಳು ಹಗಲು ಪಾಳಿಯ ಮೇಲ್ವಿಚಾರಕಿ. ಮ್ಯಾನೇಜರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವಳು ಅಕ್ಕ. ಅವಳ ಸ್ವಂತ ತಮ್ಮ ಅದೇ ಪಾಳಿಯಲ್ಲಿ ಫಿಟ್ಟರ್ ಆಗಿದ್ದ. ರದ್ದಿ ಕಾಗದವನ್ನು ನೀರು ಹಾಕಿ ಅರೆಯುವ ದೊಡ್ಡ ತೊಟ್ಟಿಯೊಂದಿದೆ, ಕೆಲಸಗಾರರು ಅದನ್ನು ಬಾವಿ ಎನ್ನುತ್ತಾರೆ. ಹನ್ನೆರಡು ದಿನದ ಹಿಂದೆ, ಸೋಮವಾರ, ಅವನು ಬರಿದಾದ ಬಾವಿಯ ತಳಕ್ಕಿಳಿದು ಸವೆದ ಬ್ಲೇಡು ಬದಲಿಸುತ್ತಿದ್ದಾಗ ಯಂತ್ರ ತಿರುಗಿತು.

ಮೊದಲಾದರೆ ಬಾವಿಗೆ ಇಳಿಯುವವನು ಮುಖ್ಯ ಸ್ವಿಚ್ಚಿಗೆ ತನ್ನದೇ ಬೀಗ ಜಡಿದು ಕೀಲಿಕೈ ಜೇಬಿಗೆ ಹಾಕಿಕೊಂಡು ಇಳಿಯುತ್ತಿದ್ದ. ಅವನು ಮೇಲೆ ಬಂದು ಬೀಗ ತೆಗೆಯುವವರೆಗೆ ಬ್ರಹ್ಮ ಬಂದರೂ ಯಂತ್ರ ತಿರುಗುವ ಹಾಗಿರಲಿಲ್ಲ. ಎರಡು ವರ್ಷದ ಹಿಂದೆ ಮಿಲ್ಲಿಗೆ ಸಾಫ್ಟ್‌ವೇರ್ ಬಂತು. ಪರದೆಯ ಮೇಲೊಂದು ಹಲಗೆ, ಅದರಲ್ಲಿ ಪ್ರತಿ ಕೆಲಸಕ್ಕೂ ಒಂದು ಕಾರ್ಡು. ಕಾರ್ಡು ‘ನಡೆಯುತ್ತಿದೆ’ ಎಂಬ ಸಾಲಿನಲ್ಲಿದ್ದರೆ ಯಂತ್ರ ಮುಟ್ಟಬಾರದು, ‘ಮುಗಿದಿದೆ’ ಎಂಬ ಸಾಲಿಗೆ ಬಂದರೆ ಚಾಲೂ ಮಾಡಬಹುದು. ಬೀಗಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಗೋದಾಮಿನ ಮೂಲೆಗೆ ಎಸೆದರು.

ಅವತ್ತು ಬಾವಿಯ ಕಾರ್ಡು ಹನ್ನೊಂದು ಮೂವತ್ತೆರಡಕ್ಕೆ ‘ಮುಗಿದಿದೆ’ ಸಾಲಿಗೆ ಸರಿಯಿತು. ಕಂಟ್ರೋಲ್ ರೂಮಿನ ಹಿರಿಯ, ಎಲ್ಲರೂ ಸ್ವಿಚ್ಚಣ್ಣ ಎಂದು ಕರೆಯುವವರು, ನಿಯಮದ ಪ್ರಕಾರ ಹತ್ತು ನಿಮಿಷ ಕಾದು, ಸೈರನ್ ಊದಿಸಿ, ಗುಂಡಿ ಒತ್ತಿದರು. ತಳದಲ್ಲಿದ್ದವನು ಕಿವಿಗೆ ಮುಚ್ಚಳ ಹಾಕಿಕೊಂಡು ನಟ್ಟಿಗೆ ಸುತ್ತಿಗೆ ಬಡಿಯುತ್ತಿದ್ದ. ಸ್ವಿಚ್ಚಣ್ಣ ಅವತ್ತಿನಿಂದ ಊಟದ ತಟ್ಟೆ ಮುಂದೆ ಕೂತರೂ ಕೈ ಹಾಕುತ್ತಿಲ್ಲವಂತೆ. ಅವರ ಮೇಲಿದ್ದ ನನ್ನ ಅನುಮಾನ ತೀರಿ ನಾಲ್ಕು ದಿನವಾಯಿತು.

ಕಾರ್ಡು ಸರಿಸಿದವರು ಯಾರು ಎಂಬುದಕ್ಕೆ ದಾಖಲೆಯಲ್ಲಿ ಇದ್ದದ್ದು ಒಂದೇ ಹೆಸರು, ಅಕ್ಕನದು.

ಮೇಜಿನ ಮೇಲೆ ನಾನು ಆ ದಾಖಲೆಯ ಮೂರು ಹಾಳೆ ಹರಡಿದೆ. ಯೋಜನಾಧಿಕಾರಿ ಅವುಗಳತ್ತ ನೋಡದೆ ಕಣ್ಣಿಗೆ ಎರಡೆರಡು ಹನಿ ಔಷಧ ಹಾಕಿಕೊಂಡ. ಮೂವತ್ತೈದರ ಆಸುಪಾಸು, ಇಸ್ತ್ರಿ ಕೆಡದ ಅಂಗಿ. ಮಿಲ್ಲಿನಲ್ಲಿ ಎಲ್ಲರ ಬೂಟಿಗೂ ಒದ್ದೆ ಕಾಗದದ ಬೂದಿಬಣ್ಣ ಮೆತ್ತಿರುತ್ತದೆ. ಇವನ ಬೂಟು ಮಾತ್ರ ಅಂಗಡಿಯಿಂದ ಈಗ ತಂದಂತಿತ್ತು.

“ಈ ದಾಖಲೆ ಪೊಲೀಸ್ರೂ ನೋಡಿದಾರೆ, ನಾವೂ ನೋಡಿದೀವಿ,” ಎಂದ.

ನೋಡಿದ್ದರು, ಸುಳ್ಳಲ್ಲ. ಆದರೆ ಎಲ್ಲರೂ ಓದಿದ್ದು ಒಂದೇ ಸಾಲು: ಕಾರ್ಡು 118, ಬಾವಿಯ ಬ್ಲೇಡು, ಸರಿಸಿದವರು ಅಕ್ಕ. ಕಣ್ಣಿಗೆ ಬೇಕಾದದ್ದು ಸಿಕ್ಕ ಮೇಲೆ ಅಕ್ಕಪಕ್ಕ ಯಾರು ನೋಡುತ್ತಾರೆ? ನನಗೆ ಮೇಲಿನ ಸಾಲು, ಕೆಳಗಿನ ಸಾಲು ಎರಡನ್ನೂ ಓದುವ ಚಟ. ಅದೇ ಚಟಕ್ಕೆ ಠಾಣೆಯಲ್ಲಿ ಬೈಸಿಕೊಂಡದ್ದೂ ಉಂಟು.

ಅದೇ ನಿಮಿಷದಲ್ಲಿ ಅಕ್ಕನ ಹೆಸರಿನಲ್ಲಿ ಒಂಬತ್ತು ಕಾರ್ಡು ‘ಮುಗಿದಿದೆ’ ಸಾಲಿಗೆ ಸರಿದು ಮುಚ್ಚಿದ್ದವು. ಗೇಟಿನ ದೀಪ, ಕೈತೊಳೆಯುವ ನಲ್ಲಿ, ಗೋದಾಮಿನ ಕಿಟಕಿ, ಬಾವಿಯ ಬ್ಲೇಡು, ಹೀಗೆ. ಒಂಬತ್ತಕ್ಕೂ ಸೇರಿ ಹಿಡಿದ ಸಮಯ ಇಪ್ಪತ್ತು ಸೆಕೆಂಡು. ಅಕ್ಕ ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು, ಒಂದೇ ಬೆರಳಿನಲ್ಲಿ ಕೆಲಸ ಮಾಡುವವಳು. ಒಂದು ಕಾರ್ಡು ಹುಡುಕುವುದಕ್ಕೇ ಅವಳಿಗೆ ಇಪ್ಪತ್ತು ಸೆಕೆಂಡು ಸಾಲದು.

ಇದಿಷ್ಟನ್ನೂ ಅವನಿಗೆ ಹೇಳಿದೆ. ಆಮೇಲೆ ಪ್ರತಿ ಸಾಲಿನ ಕೊನೆಯಲ್ಲಿ ಇರುವೆಯಷ್ಟು ಚಿಕ್ಕದಾಗಿ ಅಚ್ಚಾಗಿದ್ದ ಬೂದು ಅಕ್ಷರಗಳ ಮೇಲೆ ಬೆರಳಿಟ್ಟೆ. ಬೆಳಿಗ್ಗೆ ಅಕ್ಕ ಸರಿಸಿದ ಕಾರ್ಡುಗಳ ಮುಂದೆಲ್ಲ ‘ಫೋನ್’ ಎಂದಿತ್ತು. ಈ ಒಂಬತ್ತರ ಮುಂದೆ ಮಾತ್ರ ‘ಕೀ’.

“ಕೀ ಅಂದ್ರೇನು ಸರ್?”

“ಅದು ಟೆಕ್ನಿಕಲ್. ನಿಮಗೆ ಅರ್ಥ ಆಗಲ್ಲ.”

“ಅರ್ಥ ಆಗದ್ದನ್ನ ಬರ್ಕೊಂಡೇ ಇಪ್ಪತ್ತೆರಡು ವರ್ಷ ಸಂಬಳ ತಗೊಂಡಿದೀನಿ. ನೀವು ಹೇಳಿ, ಪರವಾಗಿಲ್ಲ.”

ಅವನು ನಗಲಿಲ್ಲ. ಒಬ್ಬರ ಖಾತೆಯನ್ನು ಅವರು ಎದುರಿಗಿಲ್ಲದೆಯೂ ತೆರೆಯಲು ಒಂದು ಉದ್ದನೆಯ ಅಕ್ಷರಗಳ ಸರಣಿ ಇರುತ್ತದೆ, ಅದೇ ಕೀ ಎಂದು ಒಲ್ಲದ ಮನಸ್ಸಿನಿಂದ ವಿವರಿಸಿದ. ಅದನ್ನು ಇನ್ನೊಂದು ಪ್ರೋಗ್ರಾಮಿಗೆ ಕೊಟ್ಟರೆ ಆ ಪ್ರೋಗ್ರಾಮು ಮಾಡಿದ್ದೆಲ್ಲ ಕೀಯ ಯಜಮಾನನ ಹೆಸರಿನಲ್ಲಿ ದಾಖಲಾಗುತ್ತದೆ.

“ಅಕ್ಕನ ಕೀ ಯಾರ ಹತ್ರ ಇದೆ?”

ಅವನು ಔಷಧದ ಸೀಸೆಯ ಮುಚ್ಚಳ ತಿರುಗಿಸತೊಡಗಿದ.

“ಎರಡು ತಿಂಗಳ ಹಿಂದೆ ಪ್ಲಾನಿಂಗ್ ಸರ್ ವರದಿ ತೆಗೆಯೋಕೆ ಏನೋ ಉದ್ದದ ನಂಬರ್ ಕೇಳಿದ್ರು, ಪರದೆ ನೋಡಿ ಕಳಿಸಿಕೊಟ್ಟೆ ಅಂತ ಅಕ್ಕ ಇವತ್ತು ಬೆಳಿಗ್ಗೆ ಹೇಳಿದ್ರು. ಅದನ್ನ ಅವರು ಮರೆತೇ ಬಿಟ್ಟಿದ್ರು. ನಾನು ಕೆದಕಿ ಕೆದಕಿ ಕೇಳಿದ ಮೇಲೆ ನೆನಪಾಯ್ತು.”

ಯೋಜನಾಧಿಕಾರಿ ಎದ್ದು ಹೋಗಿ ಬಾಗಿಲನ್ನು ತಾನೇ ಹಾಕಿದ. ತಿರುಗಿ ಬರುವಾಗ ಅವನ ಮುಖ ಬೇರೆಯಾಗಿತ್ತು. ಹನ್ನೆರಡು ದಿನದಿಂದ ಉಸಿರು ಬಿಗಿಹಿಡಿದವನು ಈಗ ಬಿಟ್ಟ ಹಾಗಿತ್ತು. ನನಗೆ ಅವನ ಮೇಲೆ ಕರುಣೆ ಹುಟ್ಟಬೇಕಿತ್ತೇನೋ, ಹುಟ್ಟಲಿಲ್ಲ. ಠಾಣೆಯ ಮರದ ಕುರ್ಚಿಯ ಮೇಲೆ ಕೂತು ತಮ್ಮನನ್ನು ಕೊಂದ ಕೈ ಎಂದು ತನ್ನ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದ ಹೆಂಗಸಿನ ಚಿತ್ರ ನನ್ನ ಕಣ್ಣಲ್ಲಿತ್ತು.

ಅವನು ಹೇಳಿದ್ದು ಇಷ್ಟು. ಪ್ರತಿ ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಮ್ಯಾನೇಜರ ಮುಂದೆ ಸಭೆ. ಹಳೆಯ ಕಾರ್ಡುಗಳು ತೆರೆದೇ ಉಳಿದಿದ್ದರೆ ಮಂಗಳಾರತಿ. ನಾನೂರು ಕಾರ್ಡು, ಮುಗಿಸಿದ ಕೆಲಸವನ್ನು ಮುಗಿಯಿತು ಎಂದು ಗುರುತು ಹಾಕುವ ಅಭ್ಯಾಸವೇ ಇಲ್ಲದ ಫಿಟ್ಟರುಗಳು. ಸಂಜೆ ಆರು ದಾಟಿದರೂ ಅಕ್ಕ ಒಂದೊಂದೇ ಕಾರ್ಡು ಸರಿಸುತ್ತಾ ಕೂರುವುದನ್ನು ನೋಡಿ ಅವನಿಗೆ ಒಂದು ಉಪಾಯ ಹೊಳೆಯಿತು. ಹೇಳಿದ ಕೆಲಸವನ್ನು ತಾನಾಗಿ ಮಾಡಿ ಮುಗಿಸುವ ಎಐ ಏಜೆಂಟನ್ನು ಹಲಗೆಗೆ ಜೋಡಿಸಿಬಿಡುವುದು. ಅವನು ಅದಕ್ಕೆ ಗುಮಾಸ್ತ ಎಂದು ಹೆಸರಿಟ್ಟಿದ್ದ.

ಗುಮಾಸ್ತನಿಗೆ ಪ್ರತ್ಯೇಕ ಖಾತೆ ಬೇಕೆಂದರೆ ಕೇಂದ್ರ ಕಚೇರಿಗೆ ಕಾಗದ ಹೋಗಿ ಬರಲು ಮೂರು ವಾರ. ಎಲ್ಲ ಕಾರ್ಡುಗಳನ್ನೂ ಮುಚ್ಚುವ ಅಧಿಕಾರವಿದ್ದದ್ದು ಅಕ್ಕನ ಖಾತೆಗೆ. ಒಂದು ವಾರದ ಮಟ್ಟಿಗೆ ಅವಳ ಕೀ ಸಾಕು ಎಂದುಕೊಂಡ. ಆ ಒಂದು ವಾರ ಎರಡು ತಿಂಗಳಾಯಿತು. ತಾತ್ಕಾಲಿಕ ಎಂದು ಶುರುವಾದದ್ದರ ಆಯಸ್ಸು ಯಾವಾಗಲೂ ಗಟ್ಟಿ.

“ಜೋಡಿಸಿದ್ದು ಹೇಗೆ, ತೋರಿಸಿ,” ಎಂದೆ.

ಅವನು ಕಂಪ್ಯೂಟರಿನಲ್ಲಿ ಕಪ್ಪು ಪರದೆಯೊಂದನ್ನು ತೆರೆದ. ಚಿತ್ರವಿಲ್ಲ, ಒತ್ತುವ ಗುಂಡಿಯಿಲ್ಲ. ಬರಿಯ ಬಿಳಿ ಅಕ್ಷರ, ಕೊನೆಯಲ್ಲಿ ಮಿಣುಕುವ ಒಂದು ಗೀಟು. ಅಲ್ಲಿ ಒಂದು ಸಾಲು ಆಜ್ಞೆ ಟೈಪು ಮಾಡಿದರೆ ಹಲಗೆಯ ಕಾರ್ಡುಗಳ ಪಟ್ಟಿ ಬರುತ್ತದೆ. ಇನ್ನೊಂದು ಸಾಲಿಗೆ ಕಾರ್ಡು ಸರಿಯುತ್ತದೆ, ಮತ್ತೊಂದಕ್ಕೆ ‘ಹೌದು’, ‘ಇಲ್ಲ’ ಎಂಬ ಎರಡು ಗುಂಡಿಯಿರುವ ಸಂದೇಶ ಫೋನಿಗೆ ಹೋಗುತ್ತದೆ. ಈ ಆಜ್ಞೆಗಳನ್ನು ಗುಮಾಸ್ತನಿಗೆ ಕಲಿಸಿ, ಅಕ್ಕನ ಕೀ ಕೊಟ್ಟು, ಸೋಮವಾರ ಹನ್ನೊಂದಕ್ಕೆ ನೀನೇ ಎದ್ದು ಕೆಲಸ ಶುರು ಮಾಡು ಎಂದು ಬಿಟ್ಟಿದ್ದ. ಕೈಯಲ್ಲಿ ಬರೆದ ಹಾಗೆ ಸರಳ ಭಾಷೆಯಲ್ಲೇ ಅದಕ್ಕೆ ಅಪ್ಪಣೆ ಕೊಟ್ಟಿದ್ದ. ನಾನು ಓದಿಕೊಂಡೆ.

‘ಎರಡು ದಿನದಿಂದ ಯಾರೂ ಮುಟ್ಟದ ಕಾರ್ಡುಗಳನ್ನು ಹುಡುಕು. ಕಾರ್ಡಿನಲ್ಲಿ ಯಾರ ಹೆಸರಿದೆಯೋ ಅವರ ಫೋನಿಗೆ ಸಂದೇಶ ಕಳಿಸಿ ಕೆಲಸ ಮುಗಿಯಿತೇ ಎಂದು ಕೇಳು. ಹೌದು ಎಂದರೆ ಕಾರ್ಡು ಮುಚ್ಚು. ಉತ್ತರ ಬರದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳು.’

ಬಾವಿಯ ಕಾರ್ಡು ಈ ಜರಡಿಗೆ ಹೇಗೆ ಬಿತ್ತು ಎಂಬುದು ನನಗೆ ಆಗ ಹೊಳೆಯಿತು. ಅಕ್ಕನದು ಒಂದು ಪದ್ಧತಿ. ಸೋಮವಾರ ಬೆಳಿಗ್ಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ ಎಂದು ಅವಳು ಶನಿವಾರವೇ ಸೋಮವಾರದ ಕಾರ್ಡುಗಳನ್ನು ‘ನಡೆಯುತ್ತಿದೆ’ ಸಾಲಿಗೆ ಹಾಕಿಬಿಡುತ್ತಾಳೆ. ತಮ್ಮ ಬಾವಿಗಿಳಿದದ್ದು ಸೋಮವಾರ ಒಂಬತ್ತಕ್ಕೆ. ಹಲಗೆಯ ಲೆಕ್ಕದಲ್ಲಿ ಅವನು ಶನಿವಾರ ಬೆಳಿಗ್ಗೆಯಿಂದ ಒಳಗಿದ್ದ. ಎರಡು ದಿನ ಅಲುಗಾಡದ ಕಾರ್ಡು ಮರೆತುಹೋದ ಕಾರ್ಡು. ಗುಮಾಸ್ತನಿಗೆ ಏನು ಗೊತ್ತು, ಬಾವಿಯೊಳಗೆ ಮನುಷ್ಯನಿದ್ದಾನೋ ಇಲ್ಲವೋ.

“ನೀವು ಹನ್ನೆರಡು ದಿನ ಬಾಯಿ ಮುಚ್ಕೊಂಡು ಇದ್ರಿ,” ಎಂದೆ.

“ಮಾರನೇ ದಿನ ಗುಮಾಸ್ತನನ್ನ ನಿಲ್ಲಿಸಿ ಅಕ್ಕನ ಕೀ ಅಳಿಸ್ದೆ. ಅಷ್ಟೊತ್ತಿಗೆ ಎಲ್ಲರ ಬಾಯಲ್ಲೂ ಅಕ್ಕನ ಹೆಸರೇ ಇತ್ತು. ಅವರೂ ನಾನೇ ಇರ್ಬೇಕು, ಬೆರಳು ಜಾರಿರ್ಬೇಕು ಅಂದ್ರು.” ಅವನು ಪರದೆಯತ್ತ ತಿರುಗಿದ. “ಅವರೇ ಒಪ್ಕೊಂಡ ಮೇಲೆ ನನಗೆ ಸುಮ್ಮನಿರೋದು ಸುಲಭ ಆಗೋಯ್ತು.”

ಇಷ್ಟು ನಿಜವಾದ ಮಾತನ್ನು ನಾನು ಠಾಣೆಯಲ್ಲಿ ವರ್ಷಕ್ಕೊಮ್ಮೆ ಕೇಳಿದ್ದರೆ ಹೆಚ್ಚು. ಆದರೂ ಅವನ ಕಪಾಳಕ್ಕೆ ಬಿಗಿಯಬೇಕೆಂದು ಕೈ ತುರಿಸಿತು.

“ಎಲ್ಲಾ ಅಳಿಸಿದ್ರಾ?”

“ಗುಮಾಸ್ತ ತಾನು ಮಾಡಿದ್ದನ್ನ ತಾನೇ ಬರೆದಿಡುತ್ತೆ, ದಿನಚರಿ ಥರ. ಅದನ್ನ ಅಳಿಸೋಕೆ ಕೈ ಬರ್ಲಿಲ್ಲ.” ತಲೆಯೆತ್ತಿ ನನ್ನನ್ನು ನೇರವಾಗಿ ನೋಡಿದ. “ಯಾಕಂದ್ರೆ ಅದರಲ್ಲಿ ನನ್ನ ತಪ್ಪಿಲ್ಲ ಅಂತ ಇದೆ. ನಾನು ಕೇಳ್ದೆ ಮುಚ್ಚು ಅಂತ ಹೇಳಿಲ್ಲ. ಅದು ಕೇಳಿದೆ. ಅವನೇ ಹೌದು ಅಂದಿದಾನೆ.”

ಕಪ್ಪು ಪರದೆಯ ಮೇಲೆ ದಿನಚರಿ ಬಿಚ್ಚಿಕೊಂಡಿತು. ಒಂದು ಒಣ ಭಾಷೆ, ಹೆಚ್ಚಿಲ್ಲ ಕಡಿಮೆಯಿಲ್ಲ.

‘ಕಾರ್ಡು 118. ಎರಡು ದಿನದಿಂದ ಬದಲಾವಣೆ ಇಲ್ಲ. 11:02, ಫಿಟ್ಟರನ್ನು ಕೇಳಿದೆ, ಉತ್ತರ ಇಲ್ಲ. 11:17, ಮತ್ತೆ ಕೇಳಿದೆ, ಉತ್ತರ ಇಲ್ಲ. 11:31, ಮತ್ತೆ ಕೇಳಿದೆ. ಫಿಟ್ಟರ ಫೋನಿನಿಂದ ಉತ್ತರ: ಹೌದು. 11:32, ಮುಚ್ಚಿದೆ.’

ನಾನು ಎರಡು ಸಲ ಓದಿದೆ. ಮೂರನೆಯ ಸಲ ‘ಫೋನಿನಿಂದ’ ಎಂಬ ಪದದ ಮೇಲೆ ಬೆರಳಿಟ್ಟೆ.

“ಸರ್, ನೀವು ಒದ್ದೆ ವಿಭಾಗಕ್ಕೆ ಹೋಗಿದೀರಾ? ಬಾವಿ ಇರೋ ಕಡೆ?”

“ಇಲ್ಲ. ನನ್ನ ಕೆಲಸ ಇಲ್ಲೇ.”

“ಒಂದು ಸಲನೂ?”

ಅವನು ತನ್ನ ಬೂಟಿನತ್ತ ನೋಡಿಕೊಂಡ.

“ಅಲ್ಲಿಗೆ ಫೋನ್ ಒಯ್ಯೋ ಹಾಗಿಲ್ಲ ಸರ್. ಯಾರದ್ದೋ ಫೋನ್ ಬಾವಿಗೆ ಬಿದ್ದು ಬ್ಲೇಡು ಮುರಿದಾಗಿಂದ ಅದು ನಿಯಮ. ಇಳಿಯೋ ಮುಂಚೆ ಹೊರಗೆ ಕೊಟ್ಟು ಹೋಗ್ತಾರೆ. ಮಿಲ್ಲಿನಲ್ಲಿ ಎಲ್ಲರಿಗೂ ಗೊತ್ತು, ನಿಮ್ಮೊಬ್ಬರನ್ನ ಬಿಟ್ಟು.”

ಹನ್ನೆರಡು ದಿನ ಅವನನ್ನು ಕಾಪಾಡಿದ್ದ ಒಂದೇ ಒಂದು ಆಧಾರ ಕಾಲಡಿಯಿಂದ ಜಾರಿದ್ದು ಅವನ ಮುಖದಲ್ಲಿ ಕಂಡಿತು. ಅವನು ಪ್ರಶ್ನೆ ಕಳಿಸಿದ್ದು ಕೆಲಸಗಾರನಿಗಲ್ಲ, ಕೆಲಸಗಾರ ಬಿಟ್ಟುಹೋದ ಫೋನಿಗೆ. ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ. ಈಗ ಅವನಿಗೆ ನಿಜವಾಗಿ ನೋವಾಗಿತ್ತು. ನನಗೂ ಸ್ವಲ್ಪ ಕರುಣೆ ಬಂತು, ಆದರೆ ಅದನ್ನು ಇಟ್ಟುಕೊಂಡು ಕೂರಲು ಸಮಯವಿರಲಿಲ್ಲ.

ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ಬಾವಿಯ ತಳದಲ್ಲಿದ್ದವನ ಫೋನು ಹಿಡಿದು ಮೇಲೆ ಕೂತು ‘ಹೌದು’ ಎಂದವರು ಇದ್ದಾರೆ. ಅವರು ಯಾರೇ ಇರಲಿ, ಅಕ್ಕನ ಬೆರಳು ಜಾರಿಲ್ಲ. ಅವಳು ಸಹಿ ಹಾಕಬೇಕಾಗಿಲ್ಲ. ದಿನಚರಿಯ ಆ ಪುಟವನ್ನು ಮುದ್ರಿಸಿಕೊಂಡು, ಕೆಳಗೆ ಯೋಜನಾಧಿಕಾರಿಯ ಸಹಿ ಹಾಕಿಸಿಕೊಂಡು, ನಾನು ಮೆಟ್ಟಿಲಿಳಿದೆ. ಮುಂದಿನ ಪ್ರಶ್ನೆಯನ್ನು ಅಲ್ಲೇ ನಿಂತು ಕೇಳಿಕೊಳ್ಳಬೇಕಿತ್ತು: ಆ ಫೋನು ಆ ಹೊತ್ತಿನಲ್ಲಿ ಎಲ್ಲಿತ್ತು? ಗೇಟಿನ ಹತ್ತಿರ ಯಾವುದೋ ಗೂಡಿನಲ್ಲಿ ಎಲ್ಲರ ಫೋನಿನ ಜೊತೆ ಬಿದ್ದಿರಬೇಕು, ಯಾರು ಬೇಕಾದರೂ ಎತ್ತಿಕೊಂಡಿರಬಹುದು ಎಂದು ಊಹಿಸಿಬಿಟ್ಟೆ. ಅವಸರವೇ ಅಪಾಯ ಎಂದು ಹೇಳಿಕೊಡುವ ವಯಸ್ಸಿನಲ್ಲಿ ನಾನೇ ಅವಸರಪಟ್ಟೆ.

ಠಾಣೆಗೆ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಇನ್ಸ್‌ಪೆಕ್ಟರ ಕೋಣೆಯ ಹೊರಗೆ ಉದ್ದನೆಯ ಬೆಂಚು. ಅದರ ಮೇಲೆ ಸತ್ತವನ ಹೆಂಡತಿ, ಪಕ್ಕದಲ್ಲಿ ಅವಳ ಆರು ವರ್ಷದ ಮಗಳು. ಮಗುವನ್ನು ಮನೆಯಲ್ಲೂ ಮಿಲ್ಲಿನಲ್ಲೂ ಪುಟ್ಟಿ ಎನ್ನುತ್ತಾರೆ. ಅಮ್ಮನ ಫೋನಿನಲ್ಲಿ ಏನೋ ಆಟವಾಡುತ್ತಿತ್ತು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

ನನಗೆ ಈ ಕೆಲಸ ಒಪ್ಪಿಸಿದವಳು ಆ ಹೆಂಗಸೇ. ಗಂಡ ಸತ್ತ ಮೂರನೆಯ ದಿನ ನನ್ನ ಮನೆಯ ಬಾಗಿಲಿಗೆ ಬಂದು, ಅಕ್ಕ ಹೀಗೆ ಮಾಡುವವರಲ್ಲ, ಅವರನ್ನು ಉಳಿಸಿಕೊಡಿ ಎಂದು ಕೇಳಿದ್ದಳು. ನನ್ನನ್ನು ನೋಡಿದ ಕೂಡಲೇ ಎದ್ದು ನಿಂತಳು. ನಾನು ಕಾಗದ ತೋರಿಸಿ, ಇನ್ನು ಹೆದರಬೇಡಮ್ಮ, ಅಕ್ಕ ಸಹಿ ಹಾಕುವ ಅಗತ್ಯವಿಲ್ಲ ಎಂದೆ. ಅವಳ ಕಣ್ಣು ತುಂಬಿ ಬಂತು. ಮಗಳ ತಲೆ ನೇವರಿಸಿದಳು.

“ಇವಳಿಗೆ ಅತ್ತೆ ಅಂದ್ರೆ ಪ್ರಾಣ. ಅಪ್ಪನೂ ಹೋದ್ರು, ಅತ್ತೇನೂ ಹೋಗ್ಬಿಟ್ರೆ ಇವಳು ಉಳಿಯಲ್ಲ. ಸ್ಕೂಲಿಗೆ ರಜ ಇದ್ದಾಗೆಲ್ಲ ಅತ್ತೆ ಜೊತೆ ಮಿಲ್ಲಿಗೇ ಹೋಗೋದು. ಅವತ್ತೂ ಅತ್ತೆ ಮೇಜಿನ ಹತ್ರಾನೇ ಆಡ್ಕೊಂಡಿದ್ಲು. ಆ ಸೈರನ್ ಕೇಳಿದಾಗಿಂದ ರಾತ್ರಿ ಬೆಚ್ಚಿ ಬೀಳ್ತಾಳೆ.”

ನಾನು ತಲೆಯಾಡಿಸಿ ಒಳಗೆ ಹೋದೆ. ಕಿವಿಗೆ ಬಿದ್ದದ್ದು ತಲೆಗೆ ಹೋಗಲಿಲ್ಲ.

ಒಳಗೆ ಅಕ್ಕ ಅದೇ ಮರದ ಕುರ್ಚಿಯಲ್ಲಿ ಕೂತಿದ್ದಳು. ನಲವತ್ತೆಂಟು ವರ್ಷದ ಗಟ್ಟಿಮುಟ್ಟಾದ ಹೆಂಗಸು ಹನ್ನೆರಡು ದಿನದಲ್ಲಿ ಒಣಗಿ ಹೋಗಿದ್ದಳು. ತಾಯಿ ಸತ್ತಾಗ ತಮ್ಮನಿಗೆ ನಾಲ್ಕು ವರ್ಷ, ಇವಳೇ ಎತ್ತಿ ಆಡಿಸಿ ಬೆಳೆಸಿದ್ದು. ಮುಂದೆ ಹೇಳಿಕೆಯ ಹಾಳೆ, ಪಕ್ಕದಲ್ಲಿ ಪೆನ್ನು. ಇನ್ಸ್‌ಪೆಕ್ಟರ್ ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ನನ್ನ ಕೈಕೆಳಗೆ ಬರವಣಿಗೆ ಕಲಿತವನು. ಕೆಟ್ಟವನಲ್ಲ. ಆದರೆ ಕಾಗದದಲ್ಲಿ ಏನಿದೆಯೋ ಅಷ್ಟನ್ನೇ ನಂಬುವ ಮನುಷ್ಯ.

“ಸಹಿ ಹಾಕಬೇಡಿ ಅಕ್ಕ,” ಎಂದೆ. “ಅದು ನಿಮ್ಮ ಕೈ ಅಲ್ಲ.”

ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಕೀ, ಗುಮಾಸ್ತ, ಇಪ್ಪತ್ತು ಸೆಕೆಂಡಿನ ಒಂಬತ್ತು ಕಾರ್ಡು. ಇನ್ಸ್‌ಪೆಕ್ಟರ್ ಮುಂದಕ್ಕೆ ಬಾಗಿ ಕೇಳಿದ. ಅಕ್ಕ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಮಗುವಿನ ಕೈ ಉಜ್ಜುವ ಹಾಗೆ ನಿಧಾನವಾಗಿ ಉಜ್ಜಿಕೊಂಡಳು. ಹನ್ನೆರಡು ದಿನದಲ್ಲಿ ಮೊದಲ ಸಲ ಅವಳ ಮುಖಕ್ಕೆ ಜೀವ ಬಂದಂತಾಯಿತು. ನನ್ನ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ.

“ಅಂದ್ರೆ ನಾನಲ್ಲ,” ಎಂದಳು.

“ನೀವಲ್ಲ. ಅದು ಮುಚ್ಚೋ ಮುಂಚೆ ಕೇಳಿದೆ. ಯಾರೋ ಹೌದು ಅಂದಿದಾರೆ.”

“ಯಾರನ್ನ ಕೇಳ್ತು?”

“ನಿಮ್ಮ ತಮ್ಮನ ಫೋನಿಗೆ ಸಂದೇಶ ಬಂದಿದೆ. ಹನ್ನೊಂದು ಮೂವತ್ತೊಂದಕ್ಕೆ ಅದೇ ಫೋನಿಂದ ಹೌದು ಅಂತ ಒತ್ತಿದಾರೆ.”

ಅಕ್ಕನ ಕೈ ನಿಂತಿತು.

ಬಂದ ಜೀವ ಅವಳ ಮುಖದಿಂದ ಇಳಿದು ಹೋಗುವುದನ್ನು ನಾನು ಎದುರಿಗೇ ಕೂತು ನೋಡಿದೆ. ಅವಳು ನನ್ನತ್ತ ನೋಡಲಿಲ್ಲ, ಇನ್ಸ್‌ಪೆಕ್ಟರತ್ತ ನೋಡಲಿಲ್ಲ. ಬಾಗಿಲಿನ ಗಾಜಿನ ಆಚೆ, ಬೆಂಚಿನ ಕಡೆ ನೋಡಿದಳು.

ನಾನೂ ತಿರುಗಿ ನೋಡಿದೆ. ಪುಟ್ಟಿ ತಲೆಬಗ್ಗಿಸಿ ಆಟದಲ್ಲಿ ಮುಳುಗಿತ್ತು. ಪರದೆಯ ಮೇಲೆ ಯಾವುದೋ ಸಂದೇಶದ ಚೌಕ ಮೂಡಿ ಆಟಕ್ಕೆ ಅಡ್ಡ ಬಂತು. ಮಗು ಅದನ್ನು ಓದಲಿಲ್ಲ, ಓದುವ ವಯಸ್ಸೂ ಅಲ್ಲ. ಹೆಬ್ಬೆರಳಿನಿಂದ ಟಪ್ ಎಂದು ಒತ್ತಿ ಚೌಕವನ್ನು ಓಡಿಸಿ ಆಟ ಮುಂದುವರಿಸಿತು.

ಆ ತಾಯಿ ಹೊರಗೆ ಹೇಳಿದ ಮಾತು ಆಗ ನನ್ನ ತಲೆಗೆ ಹೋಯಿತು. ಅತ್ತೆಯ ಮೇಜಿನ ಹತ್ತಿರ ಆಡಿಕೊಂಡಿದ್ದಳು. ಅಪ್ಪ ಬಾವಿಗಿಳಿಯುವ ಮುಂಚೆ ಫೋನು ಬಿಟ್ಟುಹೋಗಿದ್ದ. ಬೇಸರ ಕಳೆಯಲಿ ಎಂದು ಅತ್ತೆ ಅದನ್ನು ಮಗುವಿನ ಕೈಗೆ ಕೊಟ್ಟಿರಬೇಕು. ಎರಡು ಸಲ ಆ ಚೌಕ ತಾನಾಗಿ ಬಂದು ಹೋಗಿರಬೇಕು. ಮೂರನೆಯ ಸಲ ಆಟ ಕೆಡಿಸಿರಬೇಕು.

ಎಲುಬಿಲ್ಲದ ನನ್ನ ನಾಲಿಗೆಯನ್ನು ಕತ್ತರಿಸಿ ಬಿಸಾಡಬೇಕೆನಿಸಿತು. ಇನ್ನು ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಇನ್ಸ್‌ಪೆಕ್ಟರ್ ನಮ್ಮಿಬ್ಬರಂತೆ ಹೊರಗೆ ನೋಡಲಿಲ್ಲ. ಅವನು ಕಾಗದ ನೋಡುತ್ತಿದ್ದ. ಫೈಲಿನ ಹಿಂದಿನ ಪುಟವೊಂದನ್ನು ತೆರೆದು ಜಪ್ತಿಯಾದ ವಸ್ತುಗಳ ಪಟ್ಟಿಯ ಮೇಲೆ ಬೆರಳಾಡಿಸಿದ.

“ಆ ಫೋನ್ ಸಿಕ್ಕಿದ್ದು ನಿಮ್ಮ ಮೇಜಿನ ಖಾನೆಯಲ್ಲಿ,” ಎಂದ, ಅಕ್ಕನಿಗೆ. ದನಿ ಬದಲಾಗಿತ್ತು. “ಬೀಗ ಹಾಕಿತ್ತು. ಕೀಲಿಕೈ ನಿಮ್ಮ ಹತ್ರ ಇತ್ತು. ಹನ್ನೊಂದು ಮೂವತ್ತೊಂದಕ್ಕೆ ಫೋನ್ ಯಾರ ಕೈಯಲ್ಲಿತ್ತು?”

“ನನ್ನ ಕೈಲೇ ಇತ್ತು.”

“ಹೌದು ಅಂತ ಒತ್ತಿದ್ದು?”

“ನಾನೇ.”

ಇನ್ಸ್‌ಪೆಕ್ಟರ್ ಫೈಲು ಮುಚ್ಚಿದ. “ತಮ್ಮ ಒಳಗಿದಾನೆ ಅಂತ ಗೊತ್ತಿದ್ದೂ?”

“ಗೊತ್ತಿದ್ದೂ,” ಎಂದಳು ಅಕ್ಕ. ದನಿ ಗಟ್ಟಿಯಾಗಿತ್ತು.

ಅವನು ಮೇಜಿನ ಮೇಲಿದ್ದ ಹೇಳಿಕೆಯನ್ನು ಎತ್ತಿ ಅಡ್ಡಕ್ಕೆ ಹರಿದ. ಅದು ಅಜಾಗರೂಕತೆಯ ಹೇಳಿಕೆ. ಈಗ ಅವಳು ಒಪ್ಪಿಕೊಂಡದ್ದಕ್ಕೆ ಬೇರೆ ಹೆಸರಿದೆ, ಬೇರೆ ಶಿಕ್ಷೆಯಿದೆ. ಹೊಸ ಹಾಳೆ ತೆಗೆದು ಮೇಲೆ ದಿನಾಂಕ ಬರೆದ. ನಾನು ತಂದ ಕಾಗದದಿಂದ ಅವಳನ್ನು ಸಣ್ಣ ಗುಂಡಿಯಿಂದ ಎತ್ತಿ ದೊಡ್ಡದಕ್ಕೆ ನೂಕಿದ್ದೆ.

ಅಕ್ಕ ಆಗ ನನ್ನ ಕಡೆ ತಿರುಗಿದಳು. ಬೇಡುವ ನೋಟವಲ್ಲ ಅದು. ಪಾಳಿಯ ಮೇಲ್ವಿಚಾರಕಿ ಕೆಲಸಗಾರನಿಗೆ ಹೇಳುವ ನೋಟ: ಇದನ್ನು ಇಲ್ಲಿಗೆ ಬಿಡಿ. ನಾನು ಬಿಟ್ಟರೆ ಏನೂ ಮಾಡದ ಹೆಂಗಸು ತಮ್ಮನನ್ನು ಕೊಂದವಳಾಗಿ ಜೈಲಿಗೆ ಹೋಗುತ್ತಾಳೆ. ಬಿಡದಿದ್ದರೆ, ಇವತ್ತಲ್ಲದಿದ್ದರೆ ಹತ್ತು ವರ್ಷದ ಮೇಲೆ, ಒಂದು ಹುಡುಗಿ ತನ್ನ ಹೆಬ್ಬೆರಳನ್ನು ನೋಡಿಕೊಳ್ಳುತ್ತಾಳೆ.

“ರೈಟ್ರೇ,” ಎಂದ ಇನ್ಸ್‌ಪೆಕ್ಟರ್, ಪೆನ್ನಿನ ಮುಚ್ಚಳ ತೆಗೆಯುತ್ತಾ. “ನಿಮ್ಮನ್ನೂ ಸಾಕ್ಷಿ ಅಂತ ಬರ್ಕೋತೀನಿ. ಅವತ್ತು ಆ ಹೊತ್ತಲ್ಲಿ ಇವರ ಮೇಜಿನ ಹತ್ರ ಬೇರೆ ಯಾರಾದ್ರೂ ಇದ್ರಾ? ನಿಮ್ಮ ವಿಚಾರಣೇಲಿ ಏನಾದ್ರೂ ತಿಳಿದಿದ್ರೆ ಈಗ್ಲೇ ಹೇಳಿ.”

ಮೇಜಿನ ಹತ್ತಿರ ಯಾರಿದ್ದರೆಂದು ಐದು ನಿಮಿಷದ ಹಿಂದೆಯಷ್ಟೇ, ಗಾಜಿನ ಆಚೆ ಕೂತ ಪುಟ್ಟಿಯ ಅಮ್ಮನೇ ನನಗೆ ತಿಳಿಸಿದ್ದಳು. ಅವನು ಪೆನ್ನನ್ನು ಹಾಳೆಯ ಮೇಲಿಟ್ಟು ನನ್ನ ಉತ್ತರಕ್ಕೆ ಕಾದ.